ಬೆಳಿಗ್ಗೆ ಯಾವ ಮಾತ್ರೆ ತಗೊಳ್ತೀರಿ?

"ಏನಾದರೂ ಕಾಯಿಲೆ ಇದೆಯಾ?" ಎಂದು ಕೇಳಿದರೆ ನಮ್ಮ ಕಾಸರಗೋಡಿನ ಹಿರಿಯರು ಹೆಚ್ಚಾಗಿ "ಏನೂ ಇಲ್ಲ ಸಿಸ್ಟರ್" ಎನ್ನುತ್ತಾರೆ. ಸುಳ್ಳಲ್ಲ. ಮಾತ್ರೆಯಿಂದ ಶುಗರ್, ಬಿಪಿ ಹದದಲ್ಲಿದ್ದರೆ ಅವರ ಲೆಕ್ಕದಲ್ಲಿ ಅದು ಕಾಯಿಲೆಯೇ ಅಲ್ಲ. ಬಂದ ದಿನವೇ ಆಪರೇಷನ್ ಮುಗಿಸಿ ಮನೆಗೆ ಹೋಗುವವರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ನಾನು ಕೇಳುವುದೇ ಬೇರೆ: "ಬೆಳಿಗ್ಗೆ ಯಾವ ಮಾತ್ರೆ ತಗೊಳ್ತೀರಿ? ರಾತ್ರಿ ಯಾವುದು? ಚೀಲದಲ್ಲಿದ್ದರೆ ತೋರಿಸಿ." ಜೊತೆಗೆ ಬಂದ ಸೊಸೆಯನ್ನೂ ಕೇಳುತ್ತೇನೆ. ತುಳುವೋ ಮಲಯಾಳವೋ, ಅವರಿಗೆ ಸಲೀಸಾದ ಭಾಷೆಯಲ್ಲೇ ಕೇಳಬೇಕು.

ಕಣ್ಣಿನ ಪೊರೆಗೆ ಬರುವ ಅಜ್ಜಂದಿರನ್ನೇ ನೋಡಿ. ಮೂತ್ರದ ತೊಂದರೆಯ ಮಾತ್ರೆಗೂ ಕಣ್ಣಿಗೂ ಏನು ಸಂಬಂಧ ಅನಿಸುತ್ತದೆ ಅಲ್ವಾ? ಆದರೆ ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವವರಲ್ಲಿ ಪಾಪೆ ಸರಿಯಾಗಿ ಹಿಗ್ಗದೆ, ಅದರ ಸುತ್ತಲಿನ ಬಣ್ಣದ ಭಾಗ (ಐರಿಸ್) ಆಪರೇಷನ್ ಹೊತ್ತಿಗೆ ಸಡಿಲವಾಗಿ ಅಲುಗಾಡಬಹುದು. ಇದನ್ನು ವೈದ್ಯರು 2005ರಲ್ಲಿ ವರದಿ ಮಾಡಿದರು. ಮಾತ್ರೆ ಬಿಟ್ಟ ಮೇಲೂ ಹೀಗಾಗಬಹುದು. ಅದಕ್ಕೇ ಹಿಂದೆ ಯಾವಾಗಲೋ ತೆಗೆದುಕೊಂಡಿದ್ದರೂ ಬರೆದುಕೊಳ್ಳುತ್ತೇನೆ. ಮೊದಲೇ ಗೊತ್ತಾದರೆ ಸರ್ಜನ್ ತಯಾರಾಗಿ ಬರುತ್ತಾರೆ.

ನಮ್ಮದು ಅಡಿಕೆ ಸೀಮೆ. "ಎಲೆಅಡಿಕೆ ತಿನ್ತೀರಾ?" ಎಂದು ಕೇಳಿದರೆ ಸಾಲದು, ಬಾಯಿ ತೆರೆಸಿ ನೋಡಬೇಕು. ವರ್ಷಗಟ್ಟಲೆ ಅಡಿಕೆ ಜಗಿದು ಕೆನ್ನೆಯ ಒಳಭಾಗ ಬಿಗಿದವರಿಗೆ ಬಾಯಿ ಪೂರ್ತಿ ಅಗಲವಾಗುವುದಿಲ್ಲ. ಅವರಿಗೆ ಉಸಿರಿನ ಕೊಳವೆ ಹಾಕುವುದು ಕಷ್ಟ. ಅರಿವಳಿಕೆ ಡಾಕ್ಟರಿಗೆ ಇದು ಥಿಯೇಟರಿನ ಒಳಗೆ ಹೋದ ಮೇಲೆ ಗೊತ್ತಾಗುವಂತಾಗಬಾರದು.

ಇನ್ನು, "ಏನೂ ತಿಂದಿಲ್ಲ, ಸುಮ್ನೆ ಒಂದು ಚಾ ಕುಡಿದೆ." ಅರಿವಳಿಕೆಗೆ ಮೊದಲು ಹೊಟ್ಟೆ ಖಾಲಿ ಇರಬೇಕು: ಬರೀ ನೀರಾದರೆ 2 ಗಂಟೆ ಬಿಟ್ಟರೆ ಸಾಕು. ಹಾಲು ಹಾಕಿದ ಚಾಕ್ಕೆ 6 ಗಂಟೆ ಬೇಕು.

ಆಪರೇಷನ್ ಮುಗಿದ ಮೇಲೆ, ಇದನ್ನೆಲ್ಲ ಬರೆದುಕೊಂಡ ಹಾಳೆಯನ್ನು ಫೈಲಿಗೆ ಸೇರಿಸಿ ಮರೆತುಬಿಡುವುದು ನನಗೆ ಸರಿ ಕಾಣುವುದಿಲ್ಲ. ಅದರ ಅರ್ಧ ಕೆಲಸ ಶುರುವಾಗುವುದೇ ಆಗ. ಬೆನ್ನಿಗೆ ಅರಿವಳಿಕೆಯ ಇಂಜೆಕ್ಷನ್ ತಗೊಂಡು ಹರ್ನಿಯಾ ಆಪರೇಷನ್ ಮಾಡಿಸಿಕೊಂಡವರಿಗೆ ಮೂತ್ರ ಕಟ್ಟಬಹುದು. ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಆ ಭಯ ಜಾಸ್ತಿ. ಅಂಥವರು ಮೂತ್ರ ಮಾಡದೆ ಹೊರಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ, ಮುಳ್ಳೇರಿಯದ ಬಸ್ಸು ತಪ್ಪಿದರೂ ಸರಿ. ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಿದ್ದರೆ, ಮತ್ತೆ ಯಾವ ದಿನ ಶುರು ಮಾಡಬೇಕು ಎಂದು ಡಾಕ್ಟರ ಹತ್ತಿರ ಕೇಳಿ, ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಡುತ್ತೇನೆ.

ಅರಿವಳಿಕೆ ಪಡೆದವರ ಜೊತೆ 24 ಗಂಟೆ ದೊಡ್ಡವರೊಬ್ಬರು ಇರಬೇಕು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳು ಗಲ್ಫ್‌ನಲ್ಲಿ, ಇಲ್ಲಿ ಅಮ್ಮ ಒಬ್ಬರೇ. ಹಾಗಾಗಿ "ಇವತ್ತು ರಾತ್ರಿ ಮನೆಯಲ್ಲಿ ಯಾರಿರ್ತಾರೆ ಅಮ್ಮಾ?" ಎಂದು ಬೆಳಿಗ್ಗೆಯೇ ಕೇಳುತ್ತೇನೆ. ಯಾರೂ ಇಲ್ಲದಿದ್ದರೆ, ಆಪರೇಷನ್‌ಗೆ ಮೊದಲೇ ಡಾಕ್ಟರಿಗೆ ಹೇಳಿ ರಾತ್ರಿಗೊಂದು ಹಾಸಿಗೆ ಇಡಿಸುತ್ತೇನೆ.