ಅಕ್ಕನ ಲೆಕ್ಕ

14 ಜೂನ್ 2024, ಶುಕ್ರವಾರ

ಬೆಳಿಗ್ಗೆ ಆರೂವರೆಗೇ ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸುಮ್ಮನಿದ್ದಾಗ ಮೈ ಎಷ್ಟು ಕ್ಯಾಲೊರಿ ಉರಿಸುತ್ತದೆ ಅಂತ ಉಸಿರಿನಿಂದ ಅಳೆಯುವ ಪರೀಕ್ಷೆ, ಖಾಲಿ ಹೊಟ್ಟೆಯಲ್ಲೇ ಆಗಬೇಕು. ಆದರೆ ಅವಳಿಗಿರುವುದು ಮೈಟೊಕಾಂಡ್ರಿಯಾ ಕಾಯಿಲೆ, ಅಂದರೆ ಜೀವಕೋಶದೊಳಗೆ ಆಹಾರವನ್ನು ಶಕ್ತಿಯಾಗಿಸುವ ಪುಟ್ಟ ಒಲೆಗಳೇ ಸರಿಯಿಲ್ಲ. ಇಂಥವರು ತುಂಬಾ ಹೊತ್ತು ಹಸಿದಿರಬಾರದು. ಅದಕ್ಕೇ ಮೊದಲ ಸರದಿ ಅವಳಿಗೆ. ಇಡ್ಲಿ ಡಬ್ಬಿ ನನ್ನ ಚೀಲದಲ್ಲಿತ್ತು.

ಮಲಗಿಸಿ ತಲೆಗೆ ಒಂದು ಪ್ಲಾಸ್ಟಿಕ್ ಗುಮ್ಮಟ ಕವುಚಿದರು, ಕೋಳಿಮರಿಗೆ ಬುಟ್ಟಿ ಮುಚ್ಚಿದ ಹಾಗೆ. ಅರ್ಧ ಗಂಟೆ ಮಾತಾಡುವ ಹಾಗಿಲ್ಲ, ನಿದ್ದೆ ಮಾಡುವ ಹಾಗೂ ಇಲ್ಲ. ಅಕ್ಕ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಇದೇ ಮೊದಲು! ನಿಮಿಷಕ್ಕೆ 168 ಮಿಲಿಲೀಟರ್ ಆಮ್ಲಜನಕ ಒಳಗೆ, 136 ಕಾರ್ಬನ್ ಡೈಆಕ್ಸೈಡ್ ಹೊರಗೆ. ಅಂದರೆ ಸುಮ್ನೆ ಮಲಗಿದ್ದರೂ ದಿನಕ್ಕೆ 1170 ಕ್ಯಾಲೊರಿ.

ಮನೆಯಲ್ಲಿ ನಾನೂ ಇದೇ ಕ್ಯಾಲೊರಿಯನ್ನು ಅಂದಾಜು ಮಾಡುವ 1990ರ ಮಿಫ್ಲಿನ್ ಸೂತ್ರ ಹಿಡಿದು ಕೂತಿದ್ದೆ. ತೂಕ 52 ಕೆಜಿಯ ಹತ್ತು ಪಟ್ಟು, ಎತ್ತರ 152 ಸೆಂ.ಮೀ.ನ 6.25 ಪಟ್ಟು. ಎರಡನ್ನೂ ಕೂಡಿಸಿ ವಯಸ್ಸು 38ರ ಐದು ಪಟ್ಟು ಕಳೆಯಬೇಕು. ಹೆಂಗಸರಾದರೆ ಇನ್ನೂ 161 ಕಳೆಯಬೇಕು. 1119 ಬಂತು. ಪರವಾಗಿಲ್ಲ, ಹತ್ತಿರಹತ್ತಿರವೇ ಇದೆ. ಎಡವಿದ್ದು ಆಮೇಲೆ. ಓಡಾಟಕ್ಕೆ ಅಂತ 1.55ರಿಂದ ಗುಣಿಸಿ, 1734 ಅಂತ ಫ್ರಿಜ್ ಮೇಲೆ ಅಂಟಿಸಿದ್ದೆ. ಪಾಪ, ಶಕ್ತಿಯೇ ಇಲ್ಲ ಅಂತ ಅನ್ನಕ್ಕೆ ತುಪ್ಪ ಬೇರೆ. ಆರು ತಿಂಗಳಲ್ಲಿ ನಾಲ್ಕು ಕೆಜಿ ಏರಿದೆ, ಎಲ್ಲಾ ಹೊಟ್ಟೆಗೇ. ತೋಳು ಹಾಗೇ ಕಡ್ಡಿ.

"ಸೌದೆ ಬೇಕಾದಷ್ಟಿದೆಯಮ್ಮ, ಒಲೆ ಸರಿಯಾಗಿ ಉರೀತಿಲ್ಲ. ಇನ್ನೂ ಸೌದೆ ತುರುಕಿದರೆ?" ಅಂದರು ಡಯಟಿಷಿಯನ್. ಅಕ್ಕನ ದಿನ ಹಾಸಿಗೆ, ಕುರ್ಚಿ, ಅಡುಗೆಮನೆ ಇಷ್ಟೇ. ಅವಳಿಗೆ 1.3 ಸಾಕು, ಸುಮಾರು 1500 ಕ್ಯಾಲೊರಿ. ಬೇಳೆ, ಮೊಸರು, ಮೊಟ್ಟೆ ಕಡಿಮೆ ಮಾಡುವ ಹಾಗಿಲ್ಲ.

ಎಲ್ಲರಿಗೂ ಇದೇ ಲೆಕ್ಕ ಅಲ್ಲ. 1962ರಲ್ಲಿ ಸ್ವೀಡನ್ನಿನ ಲುಫ್ಟ್ ಎಂಬ ವೈದ್ಯರು ಬರೆದ ಹೆಂಗಸಿನದೂ ಮೈಟೊಕಾಂಡ್ರಿಯಾ ಕಾಯಿಲೆಯೇ, ಆದರೆ ಲೆಕ್ಕ ತದ್ವಿರುದ್ಧ. ಅವರ ಥೈರಾಯ್ಡ್ ಸರಿಯಿತ್ತು, ಮೈ ಮಾತ್ರ ಸುಮ್ಮನಿದ್ದಾಗಲೂ ಮಾಮೂಲಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಉರಿಸುತ್ತಿತ್ತು. ಎಷ್ಟು ತಿಂದರೂ ಸಣಕಲು. ಅಳೆಯದೆ ಗೊತ್ತಾಗುವುದಾದರೂ ಹೇಗೆ, ಅಲ್ವಾ?

ಈಗ ಒಂದು ವಾರ ಎಲ್ಲಾ ಬರೆದಿಡಬೇಕಂತೆ. ಮದುವೆಮನೆಗೆ ಹೋದ ದಿನವೂ, ಅದಾದ ಮೇಲೆ ಎರಡು ದಿನ ಎದ್ದೇಳಲಾಗದೆ ಮಲಗಿದ್ದೂ.

ವಾಪಸ್ ಬರುವಾಗ ಆಟೋದಲ್ಲಿ ಅಕ್ಕ ಮೆಲ್ಲಗೆ ತೆಗೆದಳು: "ಮಂಗಳವಾರ ಏಕಾದಶಿ ಕಣೇ."

ನಾನು ಇಡ್ಲಿ ಡಬ್ಬಿ ತೆಗೆದು ಅವಳ ತೊಡೆಯ ಮೇಲಿಟ್ಟೆ. ಉಳಿದದ್ದು ಒಂದೇ ಇಡ್ಲಿ.