ಎಲ್ಲರಿಗೂ ಒಂದೇ ಲಿನಕ್ಸ್ ಹಾಕಲು ಹೋಗಿ ಕಲಿತದ್ದು

ನಾನು ಸಿಸ್ಟಮ್ ಅಡ್ಮಿನ್. ತಂಡದವರ ಲ್ಯಾಪ್‌ಟಾಪ್, ಸರ್ವರ್ ಎಲ್ಲ ನೋಡಿಕೊಳ್ಳುವುದು ನನ್ನ ಕೆಲಸ. 2022ರಲ್ಲಿ ಎಲ್ಲರಿಗೂ ಡೆಬಿಯನ್ 11 ಹಾಕಿಬಿಡೋಣ ಅಂತ ತೀರ್ಮಾನ ಮಾಡಿದೆ. ಒಳಗಿನ ತಿರುಳು, ಅಂದರೆ ಕರ್ನಲ್, ಹೇಗೂ ಲಿನಕ್ಸೇ, ಅದರ ಸುತ್ತ ಕಟ್ಟಿದ ಡಿಸ್ಟ್ರೋ (ಡೆಬಿಯನ್, ಫೆಡೋರಾ ಥರದ್ದು) ಯಾವುದಾದರೇನು ಅಂದುಕೊಂಡಿದ್ದೆ.

ಮೊದಲ ದಿನವೇ ಹೊಸ ಲ್ಯಾಪ್‌ಟಾಪ್ ಒಂದರಲ್ಲಿ ವೈಫೈ ಕಾಣಿಸಲಿಲ್ಲ. ಡೆಬಿಯನ್ 11ರ ಮಾಮೂಲಿ ಇನ್‌ಸ್ಟಾಲರ್‌ನಲ್ಲಿ ಮುಕ್ತವಲ್ಲದ ಫರ್ಮ್‌ವೇರ್ (ವೈಫೈ ಕಾರ್ಡ್‌ನಂಥ ಹಾರ್ಡ್‌ವೇರ್ ಒಳಗೆ ಓಡುವ ತಂತ್ರಾಂಶ) ಇರುತ್ತಿರಲಿಲ್ಲ. 2023ರಲ್ಲಿ ಬಂದ 12ರಿಂದ ಅದನ್ನು ಸೇರಿಸಿದರು. ಪೆನ್‌ಡ್ರೈವ್‌ನಲ್ಲಿ ಫರ್ಮ್‌ವೇರ್ ತಂದು ಹಾಕಿದೆ. ಆಗಲೂ ಇಲ್ಲ! ಅದರ ಕರ್ನಲ್ 5.10, ಅಂದರೆ 2020ರ ಕೊನೆಯದ್ದು, ವೈಫೈ ಕಾರ್ಡ್ ಅದಕ್ಕಿಂತ ಹೊಸದು, ಡ್ರೈವರ್ ಬಂದಿದ್ದೇ ಆಮೇಲಿನ ಕರ್ನಲ್‌ನಲ್ಲಿ. ನಾನು ಸ್ಟೇಬಲ್ ಡೆಬಿಯನ್‌ಗೆ ಹೊಸ ತಂತ್ರಾಂಶ ಒದಗಿಸುವ ಬ್ಯಾಕ್‌ಪೋರ್ಟ್ಸ್‌ನಿಂದ ಹೊಸ ಕರ್ನಲ್ ಇಳಿಸಿಕೊಳ್ಳುವಷ್ಟರಲ್ಲಿ ಪಕ್ಕದವರು ಅಂಥದ್ದೇ ಇನ್ನೊಂದು ಲ್ಯಾಪ್‌ಟಾಪ್‌ಗೆ ಫೆಡೋರಾ ಪೆನ್‌ಡ್ರೈವ್ ಹಾಕಿ ಬೂಟ್ ಮಾಡಿದರು. ವೈಫೈ ತಾನಾಗಿಯೇ ಬಂತು.

ಹಾಗಂತ ಡೆಬಿಯನ್ ಮೇಲೆ ನನಗೆ ಬೇಸರವಿಲ್ಲ. ಸರ್ವರ್‌ಗೆ ಇವತ್ತಿಗೂ ಅದೇ ಹಾಕುತ್ತೇನೆ. ಒಂದು ಸ್ಟೇಬಲ್ ಆವೃತ್ತಿ ಬಂದ ಮೇಲೆ ಪ್ಯಾಕೇಜ್‌ಗಳನ್ನು, ಅಂದರೆ ಅದರಲ್ಲಿನ ತಂತ್ರಾಂಶಗಳನ್ನು, ಹೆಚ್ಚುಕಡಿಮೆ ಅದೇ ವರ್ಷನ್‌ನಲ್ಲಿ ಉಳಿಸಿಕೊಂಡು, ಭದ್ರತೆಯ ಮತ್ತು ಗಂಭೀರ ದೋಷಗಳ ತಿದ್ದುಪಡಿಯನ್ನಷ್ಟೇ ಆ ಹಳೆಯ ವರ್ಷನ್‌ಗೆ ಹೊಂದಿಸಿ ಕೊಡುತ್ತಾರೆ. ರಾತ್ರಿ ಅಪ್‌ಡೇಟ್ ಆದರೂ ಬೆಳಿಗ್ಗೆ ಕಾನ್ಫಿಗ್ ಫೈಲ್ ನಿನ್ನೆಯಂತೆಯೇ ಕೆಲಸ ಮಾಡುತ್ತದೆ. ಸರ್ವರ್ ನೋಡಿಕೊಳ್ಳುವವರಿಗೆ ಇದಕ್ಕಿಂತ ಜಾಸ್ತಿ ಏನು ಬೇಕು?

ಆದರೆ ನಮ್ಮಲ್ಲಿ ಡ್ರೈವರ್ ಬರೆಯುವ ಹುಡುಗನೊಬ್ಬ ಇದ್ದಾನೆ. ಅವನದು ಆರ್ಚ್ ಅನ್ನುವ ಡಿಸ್ಟ್ರೋ. ಅದರಲ್ಲಿ ಆವೃತ್ತಿ ಅನ್ನುವುದೇ ಇಲ್ಲ, ಹೊಸ ಪ್ಯಾಕೇಜ್ ಸಿದ್ಧವಾದಂತೆ ಬರುತ್ತಲೇ ಇರುತ್ತದೆ. ದಿನಾ ಬೆಳಿಗ್ಗೆ ಆರ್ಚ್‌ನ ಸುದ್ದಿ ಪುಟ ನೋಡಿ, ಕೈಯಾರೆ ಮಾಡಬೇಕಾದ್ದು ಏನಾದರೂ ಇದೆಯಾ ಅಂತ ಓದಿ, ಆಮೇಲೆ ಪ್ಯಾಕೇಜ್ ಅಪ್‌ಡೇಟ್ ಮಾಡುವ ಪ್ಯಾಕ್‌ಮನ್ ಓಡಿಸುತ್ತಾನೆ. ಕೆಲಸದ ಮೆಷಿನ್‌ನಲ್ಲಿ ಇದೆಲ್ಲ ಯಾಕಪ್ಪಾ ಅಂತ ಕೇಳಿದೆ.

“ಕೈಕೊಟ್ಟರೆ ಇವತ್ತೇ ಕೈಕೊಡಲಿ ಸರ್. ನಿನ್ನೆಯಿಂದ ಬದಲಾಗಿದ್ದು ಹತ್ತು ಪ್ಯಾಕೇಜ್, ಅದರಲ್ಲೇ ಹುಡುಕಬಹುದು. ನಿಮ್ಮದು ಎರಡು ವರ್ಷಕ್ಕೊಮ್ಮೆ ಎಲ್ಲಾ ಒಟ್ಟಿಗೆ ಬದಲಾಗುತ್ತೆ, ಆಗ ಎಲ್ಲಿಂದ ಶುರು ಮಾಡ್ತೀರಾ?”

ನನಗೆ ಉತ್ತರ ಇರಲಿಲ್ಲ. ಅವನು ಹೇಳಿದ್ದು ಸರಿ, ನಾನು ಸರ್ವರ್‌ಗೆ ಮಾಡುವುದೂ ಸರಿ. ಬದಲಾವಣೆ ಹೇಗೂ ಬರುತ್ತದೆ, ಅದು ದಿನಾ ಚೂರುಚೂರು ಬರಬೇಕಾ, ಅಪರೂಪಕ್ಕೊಮ್ಮೆ ಒಟ್ಟಿಗೆ ಬರಬೇಕಾ ಅನ್ನುವುದು ಅವರವರ ಕೆಲಸದ ಮೇಲೆ ನಿಂತಿದೆ. ಜನ ಬೇರೆ ಬೇರೆ ಡಿಸ್ಟ್ರೋ ಇಷ್ಟಪಡುವುದು ಸುಮ್ನೆ ಹಟಕ್ಕೆ ಅಂದುಕೊಂಡಿದ್ದ ನನಗೆ ಆವತ್ತು ಕಣ್ಣು ತೆರೆಯಿತು.

ಲೆಕ್ಕಪತ್ರ ನೋಡುವ ಮೇಡಂಗೆ ಈ ಚರ್ಚೆಯೇ ಬೇಡ. ಮೆನು ಕೆಳಗೆ ಎಡಗಡೆ ಇರಬೇಕು, ಪ್ರಿಂಟರ್ ನಡೆಯಬೇಕು, ಬಟನ್‌ಗಳು ಇದ್ದಲ್ಲೇ ಇರಬೇಕು, ಅಷ್ಟೇ. ಅವರಿಗೆ ಸಿನಮನ್ ಡೆಸ್ಕ್‌ಟಾಪ್ ಇರುವ ಮಿಂಟ್ ಹಾಕಿದೆ. ಅದು ಇನ್ನೊಂದು ಡಿಸ್ಟ್ರೋ ಉಬುಂಟುವಿನ ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ) ಆವೃತ್ತಿಯ ಮೇಲೆ ಕಟ್ಟಿದ್ದು, ಹಾಗಾಗಿ ಐದು ವರ್ಷ ಅಪ್‌ಡೇಟ್ ಸಿಗುತ್ತದೆ. ಅವರು ನನ್ನನ್ನು ಕರೆಯುವುದೇ ಕಡಿಮೆಯಾಗಿದೆ.

ಈಗ ಹೊಸಬರು ಬಂದರೆ ಯಾವ ಡಿಸ್ಟ್ರೋ ಬೇಕು ಅಂತ ಮೊದಲು ಕೇಳುವುದಿಲ್ಲ. ಅಪ್‌ಡೇಟ್ ಆಗಿ ಏನಾದರೂ ಕೆಟ್ಟರೆ ನೀವೇ ಕೂತು ಸರಿಮಾಡ್ತೀರಾ, ನನ್ನನ್ನು ಕರೀತೀರಾ ಅಂತ ಕೇಳುತ್ತೇನೆ. ಆಮೇಲೆ ಲ್ಯಾಪ್‌ಟಾಪ್ ಎಷ್ಟು ಹೊಸದು ಅಂತ ನೋಡುತ್ತೇನೆ. ಮೊದಲು ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕುವ ಎಪಿಟಿ ಒಂದಕ್ಕೇ ಬರೆದಿದ್ದ ನನ್ನ ಸೆಟಪ್ ಸ್ಕ್ರಿಪ್ಟ್‌ಗೆ ಫೆಡೋರಾದ ಡಿಎನ್‌ಎಫ್, ಆರ್ಚ್‌ನ ಪ್ಯಾಕ್‌ಮನ್ ಎರಡನ್ನೂ ಸೇರಿಸಿದೆ. ಪ್ಯಾಕ್‌ಮನ್ ಭಾಗ ಬರೆದುಕೊಟ್ಟಿದ್ದು ಆ ಹುಡುಗನೇ.