ಏಣಿ ಬುಡದಲ್ಲಿ ಬ್ಯಾಗ್ ತೆಗೆದುಕೊಳ್ಳುವಾಗ ಕೇಳಬೇಕಾದ ಪ್ರಶ್ನೆ

ಉತ್ತರ ಕರ್ನಾಟಕದ ಕಡೆ ಹೊರಡುವ ಸಂಜೆ ಫ್ಲೈಟ್. ಎಟಿಆರ್ ಅನ್ನೋ ಸಣ್ಣ ವಿಮಾನ, ಫುಲ್ ಲೋಡ್. ಗೇಟ್ ಕೆಲಸ ನನ್ನದು. ಏರ್‌ಬಸ್‌ನಲ್ಲಿ ಸಲೀಸಾಗಿ ಒಳಗೆ ಹೋಗುವ 55×35×25 ಸೆಂ.ಮೀ. ಟ್ರಾಲಿ ಬ್ಯಾಗ್ ಎಟಿಆರ್‌ನ ತಲೆಮೇಲಿನ ಬಿನ್‌ನಲ್ಲಿ ಕೂರೋದಿಲ್ಲ, ತೂಕ 7 ಕೆಜಿಯೊಳಗೆ ಇದ್ದರೂ ಅಷ್ಟೆ. ಅದಕ್ಕೇ ಏಣಿ ಬುಡದಲ್ಲೇ ಟ್ಯಾಗ್ ಕಟ್ಟಿ, ಅರ್ಧ ಚೀಟಿಯನ್ನು ಪ್ಯಾಸೆಂಜರ್ ಕೈಗೆ ಕೊಟ್ಟು, ಬ್ಯಾಗನ್ನು ವಿಮಾನದ ಸಾಮಾನು ಖಾನೆಗೆ, ಅಂದರೆ ಹೋಲ್ಡ್‌ಗೆ ಕಳಿಸುತ್ತೇವೆ. ಆವತ್ತು ಅಂಥವು 14 ಬಂದವು. ಬರಬೇಕಿದ್ದ ವಿಮಾನ ಲೇಟಾಗಿತ್ತು, ಅದನ್ನು ತಿರುಗಿ ಹೊರಡಿಸಲು ಉಳಿದಿದ್ದು 25 ನಿಮಿಷ. ಪವರ್ ಬ್ಯಾಂಕ್ ಹೋಲ್ಡ್‌ಗೆ ಹೋಗುವ ಹಾಗಿಲ್ಲ. ಹಾಗಾಗಿ ಪ್ಯಾಸೆಂಜರ್‌ಗಳನ್ನು ತಂದ ಕೋಚ್ ಬಾಗಿಲು ತೆರೆದ ಕೂಡಲೇ ದನಿ ಎತ್ತಿ ಎಲ್ಲರನ್ನೂ ಒಂದೇ ಸಲ ಕೇಳಿಬಿಟ್ಟೆ: "ಎನಿ ಪವರ್ ಬ್ಯಾಂಕ್ಸ್ ಇನ್ ದ ಬ್ಯಾಗ್?" ಇಬ್ಬರು ತೆಗೆದು ಜೇಬಿಗೆ ಹಾಕಿಕೊಂಡರು. ಮಿಕ್ಕವರು ತಲೆಯಾಡಿಸಿದರು. ಟ್ಯಾಗ್ ಕಟ್ಟಿದೆ, ಲೋಡ್‌ನ ಕೊನೇ ಗಳಿಗೆ ಬದಲಾವಣೆ (ಎಲ್‌ಎಂಸಿ) ಹೇಳಿದೆ, ಹೋಲ್ಡ್ ಮುಚ್ಚಿತು.

ಪ್ಯಾಸೆಂಜರ್ ಬಾಗಿಲು ಮುಚ್ಚುವ ಹೊತ್ತಿಗೆ ಕ್ಯಾಬಿನ್ ಕ್ರೂ ಕೈ ಬೀಸಿ ಕರೆದರು. ಕಿಟಕಿ ಪಕ್ಕ ಕೂತಿದ್ದ ವಯಸ್ಸಾದ ತಾಯಿಯೊಬ್ಬರು ಅವರಿಗೆ ಹೇಳಿದ್ದು ಇಷ್ಟು: "ಫೋನ್ ಬಂದ್ ಆಗೇತ್ರಿ. ಬ್ಯಾಟ್ರಿ ಆ ಬ್ಯಾಗ್‌ನ್ಯಾಗ ಉಳದೈತಿ. ಇಳದ ಕೂಡ್ಲೇ ಫೋನ್ ಹಚ್ಚು ಅಂದಾನ ನನ್ನ ಮಗ." ಕ್ಯಾಪ್ಟನ್ ಎರಡು ಮಾತು ಆಡಲಿಲ್ಲ. ಬ್ಯಾಟರಿ ಮೇಲೆ ಬರಬೇಕು, ಇಲ್ಲ ಬ್ಯಾಗ್ ಇಳಿಯಬೇಕು.

ಗೇಟ್ ಬ್ಯಾಗ್‌ಗಳು ಕೊನೆಗೆ ಲೋಡ್ ಆಗುವುದರಿಂದ ಮುಂದಿನ ಕಾರ್ಗೋ ಬಾಗಿಲಿನ ಹತ್ತಿರವೇ ಇದ್ದವು. ತಲುಪೋದು ಕಷ್ಟವಾಗಲಿಲ್ಲ, ಗುರುತಿಸೋದು ಕಷ್ಟವಾಯಿತು. ಹದಿನಾಲ್ಕರಲ್ಲಿ ಆರು ಕಪ್ಪು ಟ್ರಾಲಿ. ಟ್ಯಾಗ್ ಮೇಲೆ ಬರೀ ನಂಬರ್ ಇತ್ತು, ಸೀಟ್ ನಂಬರ್ ಬರೆದಿರಲಿಲ್ಲ. ಚೀಟಿ ಎಲ್ಲಿ ಅಂತ ಕೇಳಿದರೆ ಆ ತಾಯಿ ಅದನ್ನು ಜೋಪಾನವಾಗಿ ಬ್ಯಾಗ್‌ನ ಹೊರಜೇಬಿನಲ್ಲೇ ಇಟ್ಟಿದ್ದರು. ಲೋಡರ್ ಟಾರ್ಚ್ ಹಿಡಿದು ಒಂದೊಂದೇ ಬ್ಯಾಗ್ ಎತ್ತಿ ತೋರಿಸೋದು, ನಾನು ಹಿಂದಿನ ಬಾಗಿಲಿಗೆ ಓಡಿ ಕೇಳೋದು. ಎರಡು ತಪ್ಪು ಬ್ಯಾಗ್ ಹೊತ್ತೊಯ್ದ ಮೇಲೆ ಅವರೇ ನೆನಪಿಸಿಕೊಂಡರು: "ಹಿಡಿಕಿಗೆ ಹಸರ ದಾರ ಕಟ್ಟೇನ್ರಿ." ಸಿಕ್ಕಿತು. ಅವರ ಎದುರಿಗೇ ತೆರೆಸಿದೆವು. ಮುಂದಿನ ಜೇಬಿನಲ್ಲಿ 20,000 ಎಂಎಎಚ್ ಪವರ್ ಬ್ಯಾಂಕ್, ಕೇಬಲ್ ಸಿಕ್ಕಿಸಿದ ಹಾಗೇ, ಪಕ್ಕದಲ್ಲೇ ಬೀಗದ ಕೈ ಗೊಂಚಲು. "ಪವರ್ ಬ್ಯಾಂಕ್ ಅಂದ್ರ ಇದ ಏನ್ರಿ?" ಅಂದರು. ಫ್ಲೈಟ್ ಹೊರಟಿದ್ದು 19 ನಿಮಿಷ ತಡವಾಗಿ. ತಡ ಯಾರಿಂದ ಅಂತ ದಾಖಲಿಸುವ ಡಿಲೇ ಕೋಡ್ ಗೇಟ್‌ನವರಾದ ನಮ್ಮ ಮೇಲೆ ಬಿತ್ತು, ಬೀಳಬೇಕಾದ್ದೇ.

ಇಂಗ್ಲಿಷ್‌ನಲ್ಲಿ ಕೇಳಿದ್ದು ಒಂದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು, ಬ್ಯಾಗ್ ಹೇಗೂ ಸಿಐಎಸ್‌ಎಫ್ ಎಕ್ಸ್-ರೇ ದಾಟಿ ಬಂದಿದೆ, ಚಿಂತೆಯಿಲ್ಲ ಅಂತ ಒಳಗೊಳಗೇ ನಂಬಿದ್ದು. ಆ ಎಕ್ಸ್-ರೇಯಲ್ಲಿ ಪವರ್ ಬ್ಯಾಂಕ್ ಕಂಡೇ ಇರುತ್ತೆ. ಬ್ಯಾಗ್ ಕ್ಯಾಬಿನ್‌ಗೆ ಹೋಗುವಂಥದ್ದು, ಅದು ಕ್ಯಾಬಿನ್‌ನಲ್ಲೇ ಇರಬೇಕಾದ ವಸ್ತು, ಅದಕ್ಕೇ ಬಿಟ್ಟಿದ್ದಾರೆ. ಏಣಿ ಬುಡದಲ್ಲಿ ನಾನು ಟ್ಯಾಗ್ ಕಟ್ಟಿದ ಕ್ಷಣಕ್ಕೆ ಅದೇ ಬ್ಯಾಗ್ ನಿಷಿದ್ಧ ಸಾಮಾನು ಹೊತ್ತ ಚೆಕ್ಡ್ ಬ್ಯಾಗ್ ಆಯಿತು. ಚೆಕ್ಡ್ ಬ್ಯಾಗ್ ನೋಡುವ ಯಂತ್ರ ಟರ್ಮಿನಲ್‌ನಲ್ಲಿದೆ, ವಿಮಾನ ನಿಲ್ಲುವ ಏಪ್ರನ್‌ನಲ್ಲಿ ಇಲ್ಲ. ಇಲ್ಲಿ ನಡೆಯುವ ತಪಾಸಣೆ ಅಂದರೆ ನಮ್ಮ ಬಾಯಿಂದ ಬರುವ ಆ ಒಂದು ಪ್ರಶ್ನೆ ಮಾತ್ರ.

ನಿಯಮದ ಹಿಂದಿನ ಕಾರಣ ಹೊಸ ಹುಡುಗರಿಗೆ ಗೊತ್ತಿದ್ದರೆ ಕೇಳುವ ದನಿಯೇ ಬೇರೆಯಾಗುತ್ತೆ. ಲಿಥಿಯಂ ಸೆಲ್ ಒಳಗೆ ಶಾರ್ಟ್ ಆದರೆ ತಾನೇ ಬಿಸಿಯೇರುತ್ತಾ ಹೋಗಿ, ಆ ಕಾವು ಪಕ್ಕದ ಸೆಲ್ಲಿಗೂ ದಾಟುತ್ತೆ. ಹೋಲ್ಡ್‌ನಲ್ಲಿ ಬೆಂಕಿ ಆರಿಸಲು ಬಳಸುವ ಹ್ಯಾಲಾನ್ ಅನಿಲ ಜ್ವಾಲೆಯನ್ನು ಅಡಗಿಸಬಹುದು, ಸೆಲ್ ಒಳಗಿನ ಕಾವನ್ನು ನಿಲ್ಲಿಸೋದಿಲ್ಲ. ಕ್ಯಾಬಿನ್‌ನಲ್ಲಾದರೆ ಹೊಗೆ ಕಣ್ಣಿಗೆ ಬೀಳುತ್ತೆ, ನೀರು ಸುರಿದು ತಣಿಸಬಹುದು. ಬಿನ್ ಒಳಗಿದ್ದರೂ ಕ್ಷೇಮವಿಲ್ಲ. 2025ರ ಜನವರಿ 28ರಂದು ಕೊರಿಯಾದ ಗಿಮ್ಹೇ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನ ಸುಟ್ಟಿತು. ಬೆಂಕಿ ಕಾಣಿಸಿಕೊಂಡಿದ್ದು ಓವರ್‌ಹೆಡ್ ಬಿನ್‌ನಲ್ಲಿ, ತನಿಖೆ ಬೊಟ್ಟು ಮಾಡಿದ್ದು ಪವರ್ ಬ್ಯಾಂಕ್ ಕಡೆಗೆ. ಮಾರ್ಚ್ 1ರಿಂದ ಕೊರಿಯಾದ ಏರ್‌ಲೈನ್‌ಗಳು ಅದನ್ನು ಬಿನ್‌ನಲ್ಲಿ ಇಡಲು ಬಿಡುತ್ತಿಲ್ಲ, ಮೈಮೇಲೋ ಸೀಟ್ ಬಳಿಯೋ ಇರಬೇಕು.

ಎಷ್ಟು ದೊಡ್ಡ ಪವರ್ ಬ್ಯಾಂಕ್ ಒಯ್ಯಬಹುದು ಅನ್ನೋ ಲೆಕ್ಕ ಸುಲಭ. ಅದರ ಮೇಲಿರುವ ಎಂಎಎಚ್ ಅಂಕಿಯನ್ನು 3.7 ವೋಲ್ಟ್‌ನಿಂದ ಗುಣಿಸಿ 1000ದಿಂದ ಭಾಗಿಸಿ. 20,000 ಅಂದರೆ 74 ವಾಟ್-ಅವರ್. 100ರವರೆಗೆ ಕ್ಯಾಬಿನ್‌ಗೆ ಅಡ್ಡಿಯಿಲ್ಲ. 30,000 ಆದರೆ 111. 100ರಿಂದ 160ರ ನಡುವಿನದಕ್ಕೆ ಏರ್‌ಲೈನ್ ಒಪ್ಪಿಗೆ ಬೇಕು, ಅದೂ ಎರಡಕ್ಕಿಂತ ಹೆಚ್ಚಿಲ್ಲ. 160 ದಾಟಿದ್ದು ವಿಮಾನ ಹತ್ತುವ ಹಾಗೇ ಇಲ್ಲ. ಮೇಲಿನ ಅಂಕಿ ಅಳಿಸಿಹೋಗಿದ್ದರೆ ಲೆಕ್ಕ ಹಾಕಲು ದಾರಿಯಿಲ್ಲ, ಅಂಥದ್ದನ್ನು ಪ್ರಯಾಣಕ್ಕೆ ತರದಿರುವುದೇ ಮೇಲು.

ಈಗ ನಮ್ಮ ಶಿಫ್ಟ್‌ನಲ್ಲಿ ಟ್ಯಾಗ್ ಕೈಗೆತ್ತಿಕೊಳ್ಳುವ ಮೊದಲೇ, ಒಬ್ಬೊಬ್ಬರನ್ನೇ, ಮುಖ ನೋಡಿ ಕೇಳುತ್ತೇವೆ. ಕನ್ನಡದವರು ಅಂತ ಗೊತ್ತಾದರೆ "ಅಮ್ಮಾ, ಫೋನ್ ಚಾರ್ಜ್ ಮಾಡೋ ಬ್ಯಾಟರಿ ಬ್ಯಾಗಲ್ಲಿ ಇದೆಯಾ? ಮಕ್ಕಳು ಇಟ್ಟಿದ್ದಾರಾ?" ಅಂತ. ಎರಡನೇ ಪ್ರಶ್ನೆ ಬಿಡಬಾರದು. ವಯಸ್ಸಾದವರ ಬ್ಯಾಗ್ ತುಂಬಿರೋದು ಸಾಮಾನ್ಯವಾಗಿ ಮಕ್ಕಳೇ. ಇಲ್ಲ ಅಂದರೂ ಮುಂದಿನ ಜೇಬಿನ ಜಿಪ್ ಅವರ ಕೈಯಿಂದಲೇ ತೆಗೆಸುತ್ತೇವೆ. ಕ್ಯಾಮೆರಾದ ಬಿಡಿ ಬ್ಯಾಟರಿ ಇದ್ದರೆ ಅದೂ ಹೊರಗೆ, ತುದಿಗೆ ಟೇಪ್ ಹಚ್ಚಿ. ಸ್ಮಾರ್ಟ್ ಬ್ಯಾಗ್ ಆದರೆ ಅದರದ್ದೇ ಬ್ಯಾಟರಿ ಕಳಚಬೇಕು. ಇನ್ಸುಲಿನ್, ಬಿಪಿ ಮಾತ್ರೆ, ಒಡವೆ, ಮನೆ ಬೀಗದ ಕೈ ಇವನ್ನೂ ನೆನಪಿಸಿ ತೆಗೆಸುತ್ತೇವೆ, ಯಾಕಂದರೆ ಬ್ಯಾಗ್ ಇನ್ನೊಂದು ಊರಿಗೆ ಹೋಗಿಬಿಟ್ಟರೆ ರಾತ್ರಿಯ ಡೋಸ್ ತಪ್ಪುತ್ತೆ. ಆಮೇಲೆ ಟ್ಯಾಗ್ ಮೇಲೆ ಮಾರ್ಕರ್‌ನಲ್ಲಿ ಸೀಟ್ ನಂಬರ್ ಬರೆದು, ಚೀಟಿಯನ್ನು ಬೋರ್ಡಿಂಗ್ ಪಾಸ್ ಹಿಂದಕ್ಕೆ ಅಂಟಿಸಿ ಕೊಡೋದು. ಒಂದು ಬ್ಯಾಗಿಗೆ 40 ಸೆಕೆಂಡ್. ಹದಿನಾಲ್ಕಕ್ಕೆ ಒಂಬತ್ತು ನಿಮಿಷ ಮೀರುತ್ತೆ, ಒಬ್ಬರಿಂದ ಆಗೋದಿಲ್ಲ, ಇಬ್ಬರು ಬೇಕು.

ಮ್ಯಾನೇಜ್‌ಮೆಂಟ್ ಜೊತೆ ನನ್ನ ಜಗಳ ಇರೋದು ಇಲ್ಲೇ. ಎಷ್ಟು ಫ್ಲೈಟ್ ಸಮಯಕ್ಕೆ ಹೊರಟವು ಅನ್ನೋ ಓಟಿಪಿ ಚಾರ್ಟ್ ದಿನಾ ಬರುತ್ತೆ, ಎರಡನೇ ಮನುಷ್ಯ ಬರೋದಿಲ್ಲ. ಪ್ರಯಾಣಿಕರಿಗೆ ಅನುಕೂಲ ಮಾಡಿಕೊಡಬೇಕು ಅಂದರೆ ನಿಯಮ ಸಡಿಲಿಸಿದ ಜಾಗದಲ್ಲಿ ಇನ್ನೊಂದು ತಪಾಸಣೆ ತಂದು ಕೂರಿಸಬೇಕು. 2017ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿ ಏಳು ನಿಲ್ದಾಣಗಳಲ್ಲಿ ಹ್ಯಾಂಡ್ ಬ್ಯಾಗ್ ಟ್ಯಾಗ್‌ಗೆ ಸ್ಟಾಂಪ್ ಹೊಡೆಯೋದು ನಿಂತಿತು, ಆದರೆ ಅದರ ಬದಲಿಗೆ ಕ್ಯಾಮೆರಾ ಕಣ್ಗಾವಲು ಬಿಗಿಯಾಗಿತ್ತು. ಕ್ಯಾಬಿನ್‌ಗೆ ಬಿಡದ ತೆಂಗಿನಕಾಯಿಯನ್ನು ಶಬರಿಮಲೆ ಸೀಸನ್‌ಗೆ ಇರುಮುಡಿಯಲ್ಲಿ ಒಯ್ಯಲು 2022ರಲ್ಲೂ 2024ರಲ್ಲೂ ಕೇಂದ್ರದ ವಿಮಾನಯಾನ ಭದ್ರತಾ ಸಂಸ್ಥೆ ಬಿಸಿಎಎಸ್ ಬಿಟ್ಟಿತು. ಎಕ್ಸ್-ರೇ, ಸ್ಫೋಟಕದ ಅಂಶ ಪತ್ತೆ ಮಾಡುವ ಇಟಿಡಿ, ಕೈತಪಾಸಣೆ ಮೂರೂ ಆಗಲೇಬೇಕು ಅನ್ನೋ ಷರತ್ತಿನ ಮೇಲೆ. ಮಾಲೆ ಹಾಕಿದ ಸ್ವಾಮಿಗಳು ನೆಮ್ಮದಿಯಾಗಿ ಕೊಚ್ಚಿಗೆ ಹಾರಿದರು. ಒಣ ಕೊಬ್ಬರಿಗೆ ಆ ವಿನಾಯಿತಿ ಇಲ್ಲ: ಎಣ್ಣೆ ಅಂಶದಿಂದ ತಾನಾಗಿ ಬಿಸಿಯೇರುವ ವಸ್ತು, ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಯುಎನ್ 1363. ತಿಪಟೂರಿನ ಮದುವೆ ಮನೆಯಿಂದ ಬಂದ ಕೊಬ್ಬರಿ ಬಟ್ಟಲು ಬ್ಯಾಗಿನಲ್ಲಿ ಇರಬಹುದು ಅಂತ ಕೌಂಟರ್‌ನಲ್ಲೇ ಕೇಳಿಬಿಟ್ಟರೆ ಸೆಕ್ಯೂರಿಟಿಯಲ್ಲಿ ಪ್ರಯಾಣಿಕರು ಅದನ್ನು ಕಸದ ಡಬ್ಬಿಗೆ ಹಾಕಿ ಕಣ್ಣೊರೆಸಿಕೊಳ್ಳುವುದು ತಪ್ಪುತ್ತೆ.

ಎಟಿಆರ್ ಫ್ಲೈಟ್‌ಗಂತೂ ಕೌಂಟರ್ ಕೆಲಸವೇ ಮದ್ದು. ಬ್ಯಾಗ್ ಬಿನ್‌ಗೆ ಕೂರೋದಿಲ್ಲ ಅಂತ ನಮಗೆ ಮೊದಲೇ ಗೊತ್ತು. ಚೆಕ್‌ಇನ್‌ನಲ್ಲೇ ಕಾಸಿಲ್ಲದೆ ತೆಗೆದುಕೊಂಡರೆ ಪವರ್ ಬ್ಯಾಂಕ್ ಕೈಚೀಲಕ್ಕೆ ಹೋಗುತ್ತೆ, ಬ್ಯಾಗ್ ಸರಿಯಾದ ಯಂತ್ರ ದಾಟುತ್ತೆ, ವಿಮಾನದ ತೂಕದ ಲೆಕ್ಕವಿರುವ ಲೋಡ್‌ಶೀಟ್‌ನಲ್ಲೂ ಮೊದಲೇ ಸೇರುತ್ತೆ. ಮೇಲಿನವರ ಹತ್ತಿರ ಎರಡು ಬಾರಿ ಬರೆದು ಕೊಟ್ಟಿದ್ದೇನೆ. ಜೊತೆಗೆ ಗೇಟ್‌ನಲ್ಲಿ ತೋರಿಸುವ ಚಿತ್ರದ ಕಾರ್ಡ್‌ಗೆ ಕನ್ನಡದ ಸಾಲು ಬೇಕು ಅಂತಲೂ. ಆ ಸಾಲಿನಲ್ಲಿ 'ಪವರ್ ಬ್ಯಾಂಕ್' ಪಕ್ಕದಲ್ಲೇ 'ಬ್ಯಾಟ್ರಿ' ಅಂತಲೂ ಇರಬೇಕು ಅಂತ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದೇನೆ.